ಮೇಣದಕ್ಕನ ಕೈ

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಗಂಡ ಮೆಟ್ಟಿಲ ಬುಡದಲ್ಲಿ ನಿಂತು, "ಏನೇ, ಆಗ್ಲಿಂದ ಗುನುಗ್ತಾನೇ ಇದ್ದೀಯಲ್ಲ, ಯಾವುದದು ಹಾಡು?" ಎಂದು ಕೇಳಿದಾಗ ಅವಳ ಕೈಯಲ್ಲಿದ್ದ ಉಳಿ ಮರದೊಳಗೆ ಅರ್ಧ ಇಳಿದು ಹಾಗೇ ನಿಂತಿತು. ಅವಳು ಗುನುಗುತ್ತಿರಲಿಲ್ಲ. ಗುನುಗುವ ಅಭ್ಯಾಸ ಅವಳಿಗೆ ಚಿಕ್ಕಂದಿನಿಂದಲೂ ಇಲ್ಲ. ಮಗಳನ್ನು ಮಲಗಿಸುವಾಗ ಕೂಡ ಬೆನ್ನು ತಟ್ಟುತ್ತಿದ್ದಳೇ ಹೊರತು ಹಾಡಿದವಳಲ್ಲ. "ನಾನೆಲ್ಲಿ ಹಾಡಿದೆ? ಪಕ್ಕದ ಮನೆ ರೇಡಿಯೋ ಇರ್ಬೇಕು," ಎಂದಳು. "ರೇಡಿಯೋ ಏನು ಮೂಗಲ್ಲಿ ಹಾಡತ್ತಾ? ಬಾಯಿ ಮುಚ್ಕೊಂಡು ಹ್ಞೂಂ ಹ್ಞೂಂ ಅಂತ. ಎಲ್ಲಾದ್ರೂ ಜೇನು ಕಟ್ಟಿದೆಯೇನೋ ಅಂತ ನೋಡೋಕೆ ಬಂದೆ," ಎಂದು ನಕ್ಕು ಅವನು ಹೊರಟುಹೋದ. ಅವಳಿಗೆ ನಗು ಬರಲಿಲ್ಲ. ಬಾಯಿ ಮುಚ್ಚಿಕೊಂಡು, ಮೂಗಿನಲ್ಲೇ, ಎರಡೇ ಸ್ವರಗಳ ನಡುವೆ ಹೋಗಿ ಬರುವ ಗುನುಗು ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೇಳಿ ಇಪ್ಪತ್ತಮೂರು ವರ್ಷವಾಗಿತ್ತು, ಅಷ್ಟೇ. ಬೆರಳು ತುಟಿಗಿಟ್ಟು ನೋಡಿಕೊಂಡಳು. ತುಟಿಗಳು ಸಣ್ಣಗೆ ಜುಮುಗುಡುತ್ತಿದ್ದವು.

ಅವಳು ಕೆಲಸದಿಂದ ನಿವೃತ್ತಳಾಗಿ ಆರು ತಿಂಗಳಾಗಿತ್ತು. ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಮೂವತ್ತೈದು ವರ್ಷ, ಯಾರ್ಯಾರದೋ ಬಾಯಿಯ ಪ್ಲಾಸ್ಟರ್ ಅಚ್ಚುಗಳನ್ನು ಮುಂದಿಟ್ಟುಕೊಂಡು ಮೇಣದಲ್ಲಿ ಒಸಡು ಕೆತ್ತಿ, ಒಂದೊಂದೇ ಹಲ್ಲು ಕೂರಿಸಿದವಳು. ಬಿಟ್ಟ ಮೇಲೆ ತಲೆಗೆ ಬಿಡುವು ಸಿಕ್ಕಿತು, ಕೈಗೆ ಸಿಗಲಿಲ್ಲ. ಸ್ನಾನದ ಸೋಪಿನ ಮೇಲೆ ಉಗುರಿನಿಂದಲೇ ಕೋರೆಹಲ್ಲು ಕೆತ್ತಿಟ್ಟಿದ್ದಳು, ತನಗೇ ಗೊತ್ತಿಲ್ಲದೆ. ಕಣ್ಣು ಮುಚ್ಚಿಕೊಂಡು ಸೋಪಿಗೆ ಕೈ ಹಾಕಿದ ಗಂಡ ಬಚ್ಚಲಿನಿಂದ ಕೂಗಿಕೊಂಡ ಮೇಲೆಯೇ ಮರದ ಮಾತು ಬಂದದ್ದು. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಕೋಣೆಯನ್ನು ಖಾಲಿ ಮಾಡಿದರು. ಅದರ ಒಂದೇ ದೊಡ್ಡ ಕಿಟಕಿಯಿಂದ ಬಿಸಿಲು ಬೀಳದ, ದಿನವಿಡೀ ಒಂದೇ ಸಮನಾದ ಬೆಳಕು ಬರುತ್ತಿತ್ತು. ಅಲ್ಲಾಡದ ಹಾಗೆ ಗೋಡೆಗೆ ಬಿಗಿದ ದಪ್ಪ ಹಲಗೆಯ ಮೇಜು, ಸರಿಯಾಗಿ ಅವಳ ಮೊಣಕೈ ಎತ್ತರಕ್ಕೆ. ಅದರ ಅಂಚಿಗೆ ಮರ ಕಚ್ಚಿ ಹಿಡಿಯುವ ವೈಸು. ಚಪ್ಪಟೆ ಬಾಯಿಯ ಉಳಿ, ಅರ್ಧಚಂದ್ರದ ಬಾಯಿಯವು, ಮೂಲೆ ತೋಡಲು ಕೊಕ್ಕಿನಂಥವು, ಎಲ್ಲ ಸೇರಿ ಇಪ್ಪತ್ತೆರಡು. ಎರಡು ತೂಕದ ಕೊಡತಿಗಳು, ಸಾಣೆಕಲ್ಲು, ಅಲಗು ತೀಡಲು ಚರ್ಮದ ಪಟ್ಟಿ, ಬೇಕಾದಲ್ಲಿಗೆ ಬಗ್ಗುವ ದೀಪ, ಹೊಟ್ಟು ಹೀರುವ ಯಂತ್ರ. ಗಂಡ ಲೈಬ್ರರಿಯಲ್ಲಿ ದುಡಿದು ಬಂದವನು. ಒಂದೊಂದು ಉಳಿಯ ಹಿಡಿಗೂ ಚೀಟಿ ಅಂಟಿಸಿ ಸಂಖ್ಯೆ ಹಾಕಿದ. "ಹದಿನಾಲ್ಕು ದಿನದೊಳಗೆ ವಾಪಸ್ ಮಾಡ್ಬೇಕು ನೋಡು," ಎಂದ. ಎಲ್ಲ ಜೋಡಿಸಿ ಮುಗಿದ ದಿನ ಅವಳು ಸ್ಟೂಲಿನ ಮೇಲೆ ಕೂತು ಕೈ ಚಾಚಿದಳು. ಬೇಕಾದದ್ದು ಬೇಕಾದ ಹೊತ್ತಿಗೆ, ನೋಡದೆಯೂ ಬೆರಳಿಗೆ ಸಿಗುತ್ತಿತ್ತು. ಅಷ್ಟು ಸಲೀಸಾಗಿ ಸಿಕ್ಕಿದ್ದಕ್ಕೇ ಏನೋ ಒಂದು ಕಸಿವಿಸಿಯಾಯಿತು. ಕಾರಣ ತಿಳಿದದ್ದು ಈಗ, ಗುನುಗಿನ ಮಾತು ಬಂದ ಮೇಲೆ. ಅಲಗುಗಳು ಎಡಕ್ಕೆ, ಬಾಯಿ ಗೋಡೆಯ ಕಡೆಗೆ. ದೀಪ ಎಡಭುಜದ ಹಿಂದಿನಿಂದ. ಬಲಕ್ಕೆ ನಾಲ್ಕು ಮಡಿಕೆಯ ಒದ್ದೆ ಬಟ್ಟೆ. ಲ್ಯಾಬಿನಲ್ಲಿ ಅವಳ ಮೇಜು ಎಂದೂ ಹೀಗಿರಲಿಲ್ಲ. ಮೇಣದಕ್ಕನ ಮೇಜು ಹೀಗಿತ್ತು.

ಮೇಣದಕ್ಕ ಎಂದು ಹೆಸರಿಟ್ಟವರು ಯಾರೋ. ಇವಳು ಇಪ್ಪತ್ತೈದರವಳಾಗಿ ಕೆಲಸಕ್ಕೆ ಸೇರಿದಾಗಲೇ ಇಡೀ ಲ್ಯಾಬು ಹಾಗೆ ಕರೆಯುತ್ತಿತ್ತು. ಸ್ಪಿರಿಟ್ ದೀಪದ ಮೇಲೆ ಚಾಕು ಕಾಯಿಸಿ, ಕಿರುಬೆರಳು ಎತ್ತಿ ಹಿಡಿದು, ಉಸಿರು ತಾಗಿದರೆ ಮೇಣ ಮಬ್ಬಾಗುತ್ತದೆಂದು ಬಾಯಿ ಮುಚ್ಚಿ ಮೂಗಿನಲ್ಲೇ ಗುನುಗುತ್ತಾ ಕೆಲಸ ಮಾಡುವ ಹೆಂಗಸು. "ಹಲ್ಲು ಮಾಡೋದು ಯಾರ ಕೈಲಾದ್ರೂ ಆಗತ್ತೆ ಹುಡುಗಿ, ಆ ಹಲ್ಲು ಹಾಕ್ಕೊಂಡು ಆ ಮನುಷ್ಯ ಹೇಗೆ ಸುಳ್ಳು ಹೇಳ್ತಾನೆ ಅನ್ನೋದು ಗೊತ್ತಿರ್ಬೇಕು," ಎನ್ನುತ್ತಿದ್ದಳು. ಅವಳ ಪಕ್ಕ ಹನ್ನೆರಡು ವರ್ಷ ಕೂತು ಇವಳು ಎಲ್ಲ ಕಲಿತಳು. ಚಾಕು ಹಿಡಿಯುವುದು, ಅಚ್ಚಿನ ತಳದಲ್ಲಿ ಪೆನ್ಸಿಲಿನಲ್ಲಿ ಸಂಖ್ಯೆ ಬರೆಯುವುದು. ಮೇಣದಕ್ಕ ಏಳು ಬರೆದರೆ ಅದರ ಹೊಟ್ಟೆಗೊಂದು ಅಡ್ಡಗೆರೆ, ಆ ಗೆರೆಯ ಬಲತುದಿ ಸ್ವಲ್ಪ ಮೇಲಕ್ಕೆ. ಇವಳ ಏಳೂ ಕ್ರಮೇಣ ಹಾಗೇ ಆಯಿತು. ಹನ್ನೆರಡನೆಯ ವರ್ಷ ಒಂದು ದಿನ ಎರಡು ಅಚ್ಚುಗಳನ್ನು ಒಟ್ಟಿಗೆ ತೊಳೆದವಳು ಇವಳೇ. ತಳದ ಸಂಖ್ಯೆಗಳು ಅಳಿಸಿಹೋದವು. ಮೇಣದಕ್ಕ ಊಟಕ್ಕೆ ಹೋಗಿದ್ದಳು. ಕೇಳಿದರೆ ಬೈಸಿಕೊಳ್ಳಬೇಕಾಗುತ್ತದೆಂದು ಇವಳು ನೆನಪಿನ ಮೇಲೆ ಬರೆದಳು, ಒಂದರ ಮೇಲೆ ನಲವತ್ತೊಂದು, ಇನ್ನೊಂದರ ಮೇಲೆ ನಲವತ್ತೇಳು. ಅದಲುಬದಲಾಯಿತು. ಅಜ್ಜನೊಬ್ಬ ಹೊಸ ಸೆಟ್ಟು ಬಾಯಿಗೆ ಕೂರದೆ ಮಾರನೆಯ ದಿನವೇ ವಾಪಸು ತಂದ. ಆದರೆ ಅವನ ಸೆಟ್ಟು ಹೋದದ್ದು ಒಬ್ಬ ಸಂಕೋಚದ ಹೆಂಗಸಿಗೆ. ಹೊಸದರಲ್ಲಿ ನೋವು ಇದ್ದೇ ಇರುತ್ತದೆಂದುಕೊಂಡು ಅವಳು ಒಂಬತ್ತು ದಿನ ಅದನ್ನು ಕಚ್ಚಿಕೊಂಡೇ ಇದ್ದಳು. ಒಸಡು ಕೊಳೆತು, ಜ್ವರ ಏರಿ, ಆಸ್ಪತ್ರೆ ಸೇರಿದ ಮೇಲೆ ಡಾಕ್ಟರು ಲ್ಯಾಬಿಗೇ ಬಂದು ಅಚ್ಚು ತಂದು ಮೇಜಿನ ಮೇಲೆ ಕುಕ್ಕಿದರು. ಮಾಲೀಕ ಅದನ್ನು ಮಗುಚಿ ನೋಡಿ, "ಇದು ನಿಮ್ಮ ಏಳಲ್ವಾ ಅಕ್ಕ?" ಎಂದ. ಮೇಣದಕ್ಕ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದಳು. "ಹೌದು, ನಂದೇ," ಎಂದಳು, ಅವತ್ತೇ ಕೆಲಸ ಬಿಟ್ಟು ಹೊರಟಳು. ಇವಳು ಮೂರು ಮಾರು ದೂರದಲ್ಲಿ ನಿಂತಿದ್ದಳು.

ಕೋಣೆ ಸಿದ್ಧವಾದ ಮೇಲೆ ಕೈಗೆತ್ತಿಕೊಂಡ ಮೊದಲ ಕೆಲಸ ಒಂದು ತಲೆ. ಯಾರದ್ದೂ ಅಲ್ಲದ ಒಂದು ಮುದುಕಿಯ ತಲೆ ಮಾಡಬೇಕೆಂದಿದ್ದಳು. ಎಲ್ಲರೂ ಮೂಗಿನಿಂದ ಶುರು ಮಾಡಿದರೆ ಅವಳಿಗೆ ಬಾಯಿಯಿಂದಲೇ ಶುರು ಮಾಡಲು ಬರುವುದು. ಮುಚ್ಚಿದ ತುಟಿಗಳು ಮೂಡಿದವು, ಮೇಲಿನ ತುಟಿ ಕೆಳಗಿನದನ್ನು ಸ್ವಲ್ಪ ಒತ್ತಿಕೊಂಡು. ಬಾಯಿ ಬಂದ ಮೇಲೆ ಗಲ್ಲ ಬೇರೆ ಥರ ಇರಲು ಒಪ್ಪಲಿಲ್ಲ. ಗಲ್ಲ ಬಂದ ಮೇಲೆ ಕೆನ್ನೆಯೂ ಒಪ್ಪಲಿಲ್ಲ. ಅವಳು ಉಳಿಯನ್ನು ಎತ್ತ ತಿರುಗಿಸಿದರೂ ಅದು ಅದರ ಪಾಡಿಗೆ ಇಳಿಯುತ್ತಿತ್ತು. ಗಂಡ ನೋಡಿ, "ಇವರನ್ನ ಎಲ್ಲೋ ನೋಡಿದ್ದೀನಲ್ಲೇ," ಎಂದ. "ನೀವೆಲ್ಲಿ ನೋಡ್ತೀರಿ, ಸುಮ್ನಿರಿ," ಎಂದಳು. ಗುನುಗಿನ ಮಾತಾದ ಮಾರನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ತುಟಿಗಳ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ. ಮರುದಿನ ಉಗುರು ಹೋಗುವಷ್ಟು. ನಾಲ್ಕನೆಯ ದಿನ ಒಳಗಿನ ಕತ್ತಲು ಕಾಣಿಸುತ್ತಿತ್ತು. "ಮರ ಒಣಗ್ತಾ ಇದೆ ಕಣೆ, ಬಿರುಕು ಬಿಡ್ತಾ ಇದೆ," ಎಂದ ಗಂಡ. ಅವಳಿಗೂ ಗೊತ್ತಿತ್ತು. ಆದರೆ ಇಡೀ ಮುಖದಲ್ಲಿ ಬೇರೆಲ್ಲೂ ಬಿಡದ ಬಿರುಕು ತುಟಿಯ ಗೆರೆ ಹಿಡಿದೇ ಏಕೆ ಹೋಗಬೇಕು? ಬಾಯಿ ಇನ್ನೊಂದು ಎಳೆ ತೆರೆದರೆ ಏನು ಹೇಳುತ್ತದೋ ಎಂದು ಅವಳು ಅದರ ಮೇಲೆ ಒದ್ದೆ ಬಟ್ಟೆ ಹೊದೆಸಿದಳು. ಕೆಳಗಿಳಿದು ತರಕಾರಿ ಹೆಚ್ಚುತ್ತ ಕೂತಾಗ ಮೇಲೆ ಟಪ್ಪೆಂದು ಸದ್ದಾಯಿತು. ಹೋಗಿ ನೋಡಿದರೆ ಬಟ್ಟೆ ಜಾರಿ ನೆಲದ ಮೇಲೆ ಬಿದ್ದಿತ್ತು. ಒದ್ದೆ ಬಟ್ಟೆ ಜಾರುವುದರಲ್ಲಿ ಏನು ವಿಶೇಷ ಎಂದು ತನಗೇ ಹೇಳಿಕೊಂಡಳು. ಕಾಲು ಮಾತ್ರ ಒಳಗಿಡಲು ಒಪ್ಪಲಿಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟವಳು ಹೊರಗೇ ನಿಂತಳು, ತನ್ನದೇ ಮನೆಯಲ್ಲಿ, ನೆಂಟರ ಮನೆಗೆ ಹೇಳದೆ ಕೇಳದೆ ಬಂದವಳ ಹಾಗೆ.

ಮೇಣದಕ್ಕನ ಮನೆ ಎಲ್ಲಿ ಎಂದು ಹುಡುಕುವ ಕಷ್ಟವಿರಲಿಲ್ಲ. ಇಷ್ಟು ವರ್ಷವೂ ಗೊತ್ತಿತ್ತು. ಎರಡು ಬಸ್ಸಿನ ದಾರಿ. ಒಮ್ಮೆ ಬಸ್ ನಿಲ್ದಾಣದಲ್ಲಿ ಎದುರಿಗೇ ಸಿಕ್ಕಿದ್ದಳು. ಆಗ ಇವಳು ಪಕ್ಕದವನ ಪೇಪರಿನ ಹಿಂದೆ ಮುಖ ಮರೆಸಿಕೊಂಡಿದ್ದಳು. ಅವನು, "ಅಮ್ಮಾ, ಪೂರ್ತಿ ಪೇಪರೇ ತಗೊಳ್ಳಿ, ಓದಿ ಕೊಡಿ," ಎಂದಿದ್ದ, ಸುತ್ತ ನಿಂತವರೆಲ್ಲ ನಕ್ಕಿದ್ದರು. ಆ ನಗು ಇವತ್ತಿಗೂ ಬೆನ್ನಿನಲ್ಲಿ ಚುಚ್ಚುತ್ತದೆ. ಐದನೆಯ ದಿನ ಅವಳು ಗಂಡನಿಗೆ ಹೇಳದೆ ಬಸ್ಸು ಹತ್ತಿದಳು. ಬಾಗಿಲು ತೆರೆದದ್ದು ಮೇಣದಕ್ಕನ ಮಗಳು, ಐವತ್ತರ ಹೆಂಗಸು. "ಅಮ್ಮಾ, ನಿಮ್ಮ ಲ್ಯಾಬಿನವರಂತೆ," ಎಂದು ಒಳಗೆ ಕೂಗಿ, ಕೂರಲು ಕುರ್ಚಿ ಎಳೆದು, ದನಿ ತಗ್ಗಿಸಿದಳು. "ಕೈಗೆ ಏನೂ ಕೊಡ್ಬೇಡಿ ಅವರಿಗೆ, ಗಾಬರಿಯಾಗ್ತಾರೆ. ಚಾಕು ಮುಟ್ಟಲ್ಲ, ಕತ್ತರಿ ಮುಟ್ಟಲ್ಲ, ಸೂಜಿಗೆ ದಾರ ಕೂಡ ಪೋಣಿಸಲ್ಲ. ನನ್ನ ಮಗಳು ಹುಟ್ಟಿದಾಗ ಎತ್ಕೊಳ್ಳಿ ಅಮ್ಮ ಅಂದ್ರೆ, ನನ್ನ ಕೈ ನಂಬಬೇಡ, ಜಾರಿಸಿಬಿಡ್ತೀನಿ ಅಂದ್ರು. ಒಂದು ಸಲಾನೂ ಎತ್ಕೊಳ್ಳಲಿಲ್ಲ."

ಮೇಣದಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಎಪ್ಪತ್ತೆಂಟಾಗಿತ್ತು. ಎರಡೂ ಕೈಗಳು ತೊಡೆಯ ಮೇಲೆ, ಯಾರೋ ಇಟ್ಟು ಮರೆತುಹೋದ ಸಾಮಾನಿನಂತೆ ಬಿದ್ದಿದ್ದವು. ಗುರುತು ಹಿಡಿಯಲು ಎರಡು ಕ್ಷಣವೂ ಬೇಕಾಗಲಿಲ್ಲ. "ಏನೇ ಹುಡುಗಿ, ಮುದುಕಿಯಾಗಿಬಿಟ್ಟೆಯಲ್ಲೇ!" ಎಂದಳು. ಅದೇ ದನಿ. ಅದೂ ಇದೂ ಮಾತಾಡಬಹುದಿತ್ತು, ಬಂದ ದಾರಿ ಹಿಡಿದು ಹೋಗಬಹುದಿತ್ತು. ಆದರೆ ಬಾಗಿಲಲ್ಲಿ ಕೇಳಿದ ಮಾತು ಬಿಡಲಿಲ್ಲ. "ಅಕ್ಕ," ಎಂದಳು, "ಆ ನಲವತ್ತೇಳು ನೀವು ಬರೆದದ್ದಲ್ಲ. ನೀವು ಊಟಕ್ಕೆ ಹೋಗಿದ್ರಿ. ತೊಳೆಯೋವಾಗ ನಂಬರು ಅಳಿಸಿಹೋಯ್ತು. ನಾನು ಬರೆದೆ. ನಾನೇ." ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತೇಬಿಟ್ಟಳು. ಹೊರಗೆ ಯಾರೋ ಸೈಕಲ್ ಬೆಲ್ಲು ಬಾರಿಸುತ್ತ ಹೋದರು. ಮೇಣದಕ್ಕ ಮಗಳ ಕಡೆ ತಿರುಗಿ, "ಒಂದು ಪೆನ್ಸಿಲ್ ಕೊಡು," ಎಂದಳು. ಪೆನ್ಸಿಲನ್ನು ತಾನು ಮುಟ್ಟಲಿಲ್ಲ. "ಅವಳಿಗೆ ಕೊಡು. ಬರಿ. ಏಳು ಬರಿ." ಇವಳು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಳು. ಹೊಟ್ಟೆಯ ಅಡ್ಡಗೆರೆ, ಬಲತುದಿ ಸ್ವಲ್ಪ ಮೇಲಕ್ಕೆ. ಆಗ ಮೇಣದಕ್ಕ ಕೈ ಚಾಚಿ ಪೆನ್ಸಿಲು ತಗೊಂಡಳು. ಮಗಳ ಬಾಯಿಂದ "ಅಮ್ಮಾ" ಎಂದು ಸಣ್ಣ ಸದ್ದು ಹೊರಟಿತು. ಇವಳ ಏಳಿನ ಪಕ್ಕದಲ್ಲೇ ಇನ್ನೊಂದು ಏಳು ಬಿತ್ತು. ಯಾವುದು ಯಾರದು ಎಂದು ಹೇಳಲು ಬರುವಂತಿರಲಿಲ್ಲ. "ಯಾವಾಗ ಕಲಿತೆ?" ಎಂದಳು. "ನಿಮ್ಮನ್ನ ನೋಡ್ತಾ ನೋಡ್ತಾ ಅಕ್ಕ." ಮೇಣದಕ್ಕ ಎರಡು ಏಳುಗಳನ್ನೇ ನೋಡುತ್ತ, "ನಾನೇ ಮೋಸ ಹೋದೆನಲ್ಲ," ಎಂದಳು. ಕೋಪವಿರಲಿಲ್ಲ ಆ ದನಿಯಲ್ಲಿ, ಕೆಲಸದ ಯಾವುದೋ ಒಂದು ಸೂಕ್ಷ್ಮ ಕೊನೆಗೂ ಗೊತ್ತಾದವರ ಆಶ್ಚರ್ಯವಿತ್ತು. ಆಮೇಲೆ, "ನೀನೀಗ ಹೊರಡು," ಎಂದಳು. ತಪ್ಪಾಯಿತು ಎನ್ನುವ ಮಾತು ಇವಳು ಬಸ್ಸಿನಲ್ಲಿ ಹತ್ತಾರು ಸಲ ಹೇಳಿಕೊಂಡು ಬಂದಿದ್ದಳು. ಅದನ್ನು ಹೇಳಲು ಜಾಗ ಸಿಗಲಿಲ್ಲ.

ಎಂಟು ದಿನ ಬಿಟ್ಟು, ಬೆಳಿಗ್ಗೆ ಹತ್ತಕ್ಕೆ ಗೇಟಿನ ಮುಂದೆ ಆಟೋ ನಿಂತಿತು. ಮಗಳು ಕೈ ಹಿಡಿಯಲು ಹೋದರೆ ಕೊಡವಿ, ಮೇಣದಕ್ಕ ಒಬ್ಬಳೇ ಮೆಟ್ಟಿಲು ಹತ್ತಿದಳು. ಮರದ ಕೆಲಸದ ಕೋಣೆ ಮಾಡಿಕೊಂಡಿರುವ ಸಂಗತಿ ಅವಳಿಗೆ ಹೇಗೆ ತಿಳಿಯಿತೋ! ಇವಳಂತೂ ಹೇಳಿದ ನೆನಪಿರಲಿಲ್ಲ. ಕೇಳಿದ್ದಕ್ಕೆ, "ನಿನ್ನ ಉಗುರಲ್ಲಿ ಹೊಟ್ಟು ಇತ್ತಲ್ಲೇ," ಎಂದಳು. ಕೋಣೆಯ ನಡುವೆ ನಿಂತು ಮೇಜು ನೋಡಿದಳು, ದೀಪ ನೋಡಿದಳು, ನಾಲ್ಕು ಮಡಿಕೆಯ ಬಟ್ಟೆ ನೋಡಿದಳು. ಮೂಲೆಯಲ್ಲಿದ್ದ ತಲೆಯನ್ನು ತಟ್ಟಿ ನೋಡಿ, "ಹಸಿ ಮರಕ್ಕೆ ಯಾರಾದ್ರೂ ಕೈ ಹಾಕ್ತಾರೇನೇ? ಅದಕ್ಕೇ ನನ್ನ ಬಾಯಿ ಹರಿದಿದೆ," ಎಂದು ಗೋಡೆಯ ಕಡೆ ತಿರುಗಿಸಿಟ್ಟಳು. ಆಮೇಲೆ ಸ್ಟೂಲಿನ ಮೇಲೆ ಕೂತು, ನೋಡದೆಯೇ ಎಡಕ್ಕೆ ಕೈ ಚಾಚಿದಳು. ಬೇಕಾದ ಉಳಿ ಸಿಕ್ಕಿತು.

ಅಂದಿನಿಂದ ದಿನವೂ ಬರತೊಡಗಿದಳು. ಹತ್ತರಿಂದ ಒಂದರವರೆಗೆ. ಮೊದಲ ನಾಲ್ಕು ದಿನ ಕೈ ನಡುಗುತ್ತಿತ್ತು. ಎರಡು ಸಲ ಹೆಬ್ಬೆರಳು ಕುಯ್ದುಕೊಂಡು, ರಕ್ತವನ್ನು ಸೆರಗಿಗೆ ಒರೆಸಿಕೊಂಡು ಮುಂದುವರಿಸಿದಳು. ಐದನೆಯ ದಿನ ನಡುಕ ನಿಂತಿತು. ಗಂಡನಿಗೆ ಅವಳೆಂದರೆ ಪ್ರೀತಿ ಬಂದುಬಿಟ್ಟಿತು. ಸಂಖ್ಯೆಯ ಚೀಟಿಗಳನ್ನೆಲ್ಲ ಅವಳು ಕಿತ್ತು ಹಾಕಿದಾಗಲೂ, "ನಲವತ್ತು ವರ್ಷದಲ್ಲಿ ಇಂಥ ಓದುಗರು ಒಬ್ಬರೂ ಸಿಗಲಿಲ್ಲ ನಂಗೆ," ಎಂದು ನಕ್ಕ. ಮೇಣದಕ್ಕ ಅವನ ಜತೆ ನಗುತ್ತಿದ್ದಳು. ಇವಳ ಜತೆ ಬೇಕಾದಷ್ಟೇ ಮಾತು: "ಇದನ್ನ ಮಸೆ." "ಅದನ್ನ ಹಿಡಿ." "ಬೆಳಕಿಗೆ ಅಡ್ಡ ನಿಲ್ಲಬೇಡ." ಇವಳು ಮಸೆದಳು, ಹಿಡಿದಳು, ಹೊಟ್ಟು ಗುಡಿಸಿದಳು. ಅಷ್ಟು ಆಸೆಯಿಂದ ಮಾಡಿಕೊಂಡ ಕೋಣೆಯಲ್ಲಿ ಇವಳ ಕೈಗೆ ಒಂದು ಉಳಿಯೂ ಸಿಗದಾಯಿತು. ಮೇಣದಕ್ಕ ಹೋದ ಮೇಲೆ ಮಧ್ಯಾಹ್ನ ತಾನು ಕೂತು ಏನಾದರೂ ಮಾಡೋಣವೆಂದರೆ, ಸ್ಟೂಲು ಇನ್ನೂ ಬೆಚ್ಚಗಿರುತ್ತಿತ್ತು. ಅವಳು ಎದ್ದು ಹೋಗಿ ಎರಡು ಗಂಟೆಯಾಗಿದ್ದರೂ ಬೆಚ್ಚಗಿರುತ್ತಿತ್ತು. ಇವಳು ಕೂರದೆ ಕೆಳಗಿಳಿಯುತ್ತಿದ್ದಳು.

ಎರಡನೆಯ ವಾರ ಮೇಣದಕ್ಕ ಒಣಗಿದ ದಿಮ್ಮಿಯೊಂದನ್ನು ವೈಸಿಗೆ ಬಿಗಿದು, ಎದುರಿಗೆ ಕುರ್ಚಿ ಹಾಕಿಸಿ, "ಕೂತ್ಕೋ," ಎಂದಳು. ಇವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಿನಿಂದ ದವಡೆಯ ಮೂಳೆ ಒತ್ತಿ ನೋಡಿದಳು, ಲ್ಯಾಬಿನಲ್ಲಿ ಅಚ್ಚು ನೋಡುತ್ತಿದ್ದ ಹಾಗೆ. ಅಳತೆ ತೆಗೆಯಲೆಂದು ಉಳಿಯ ಚಪ್ಪಟೆ ಬದಿಯನ್ನು ಕೆನ್ನೆಗೆ ಆನಿಸಿದಳು. ಈಗಷ್ಟೇ ಇವಳೇ ಮಸೆದು ಕೊಟ್ಟ ಅಲಗು. ಕೂದಲು ಸೀಳುವಷ್ಟು ಹರಿತ ಎಂದು ಗೊತ್ತಿತ್ತು. ತಣ್ಣಗಿತ್ತು. "ಹೆದರಿಕೆ ಆಗ್ತಾ ಇದೆಯಾ?" "ಇಲ್ಲ ಅಕ್ಕ." "ಆಗ್ಲಿ ಬಿಡು. ನಾನು ಇಪ್ಪತ್ತಮೂರು ವರ್ಷ ನನ್ನ ಕೈಗೇ ಹೆದರಿಕೊಂಡು ಬದುಕಿದೆ." ಹೇಳಿದ ರೀತಿ ಸಹಜವಾಗಿತ್ತು, ಹಾಲು ಉಕ್ಕಿತು ಎಂದ ಹಾಗೆ. ಇವಳು, "ಅಕ್ಕಾ, ನನ್ನನ್ನ..." ಎಂದು ಶುರು ಮಾಡಿದಳು. "ಮಾತಾಡ್ಬೇಡ. ಅಳತೆ ತಪ್ಪತ್ತೆ," ಎಂದಳು ಮೇಣದಕ್ಕ.

ಒಂಬತ್ತು ದಿನ ಇವಳು ಹಾಗೆ ಕೂತಳು. ಮರದ ಬೆನ್ನು ಮಾತ್ರ ಇವಳ ಕಡೆ. ಚಕ್ಕೆಗಳು ಹಾರಿ ಮಡಿಲಿಗೆ ಬೀಳುತ್ತಿದ್ದವು. ಒಂದೊಂದು ಬಿದ್ದಾಗಲೂ ಮುಖದಲ್ಲಿ ಎಲ್ಲೋ ಒಂದಿಷ್ಟು ಹಗುರಾದ ಹಾಗೆ, ಏನೋ ಹೋದ ಹಾಗೆ ಅನಿಸುತ್ತಿತ್ತು. ಸಂಜೆ ಕನ್ನಡಿ ನೋಡಿಕೊಂಡರೆ ಎಲ್ಲ ಇದ್ದಲ್ಲೇ ಇತ್ತು. ಏಳನೆಯ ದಿನ ಗಂಡ ಚಹಾ ತಂದವನು ಮೇಣದಕ್ಕನ ಬೆನ್ನ ಹಿಂದಿನಿಂದ ಮರವನ್ನು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಲೋಟ ಇಟ್ಟು, ಎಂದಿನಂತೆ ಏನೂ ತಮಾಷೆ ಮಾಡದೆ, ಇಳಿದುಹೋದ. ರಾತ್ರಿಯ ಊಟದಲ್ಲಿ ಅವಳು, "ಹೇಗೆ ಬಂದಿದೆ?" ಎಂದು ಕೇಳಿದ್ದಕ್ಕೆ, "ನೀನೇ ನೋಡ್ತೀಯಲ್ಲ," ಎಂದ. "ಏನಾಗಿತ್ತು ನಿಂಗೆ ಆವಾಗ?" ಎಂದೂ ಕೇಳಿದ. ಯಾವಾಗ ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಒಂಬತ್ತನೆಯ ದಿನ ಮೇಣದಕ್ಕ ವೈಸು ಸಡಿಲಿಸಿ ಮರವನ್ನು ತಿರುಗಿಸಿದಳು. ಅರವತ್ತರ ಮುಖವಿರಲಿಲ್ಲ ಅದು. ಮೂವತ್ತೇಳರದು. ತಲೆ ತುಸು ಬಾಗಿತ್ತು, ಕಣ್ಣುಗಳು ನೆಲ ನೋಡುತ್ತಿದ್ದವು, ಕೆಳತುಟಿಯನ್ನು ಒಳಗಿನಿಂದ ಕಚ್ಚಿ ಹಿಡಿದದ್ದರಿಂದ ಗಲ್ಲದಲ್ಲಿ ಸಣ್ಣ ಗುಳಿ ಬಿದ್ದಿತ್ತು. ಮಾಲೀಕನ ಮೇಜಿನಿಂದ ಮೂರು ಮಾರು ದೂರದಲ್ಲಿ ನಿಂತಿದ್ದ ಹೆಂಗಸು. ಆ ಮುಖವನ್ನು ಇವಳು ಎಂದೂ ನೋಡಿರಲಿಲ್ಲ. ನೋಡಲು ಸಾಧ್ಯವಿದ್ದದ್ದು ಎದುರಿಗಿದ್ದವರಿಗೆ ಮಾತ್ರ.

"ಅವತ್ತು ಲ್ಯಾಬಿನ ಬಾಗಿಲು ದಾಟೋವಾಗ ಒಂದು ಸಲ ತಿರುಗಿ ನೋಡಿದ್ದೆ," ಎಂದಳು ಮೇಣದಕ್ಕ, ಉಳಿಗಳನ್ನು ಒಂದೊಂದಾಗಿ ಒರೆಸುತ್ತ. "ಹೀಗೇ ನಿಂತಿದ್ದೆ ನೀನು. ಪಾಪ, ಈ ಹುಡುಗಿ ನನಗೋಸ್ಕರ ಎಷ್ಟು ಸಂಕಟಪಡ್ತಾ ಇದೆ ಅಂದ್ಕೊಂಡೆ. ಆಮೇಲೆ ಮನೇಲಿ ಸುಮ್ನೆ ಕೂತಿರೋವಾಗ, ಕೈ ನಡುಗೋವಾಗ, ಈ ಮುಖಾನೇ ನೆನೆಸ್ಕೊಳ್ತಿದ್ದೆ. ಒಬ್ಬಳಾದ್ರೂ ನನಗೋಸ್ಕರ ನೊಂದುಕೊಂಡಳಲ್ಲ ಅಂತ. ಅದೇ ಒಂದು ಸಮಾಧಾನ ಇತ್ತು ಕಣೇ." ಕೊನೆಯ ಉಳಿಯನ್ನು ಅದರ ಜಾಗದಲ್ಲಿಟ್ಟಳು. "ಇಟ್ಕೋ. ನನಗೆ ಇನ್ನು ಇದು ಬೇಕಾಗಲ್ಲ." ಕೆಳಗೆ ಆಟೋದ ಹಾರನ್ನು ಕೇಳಿಸಿತು. ಅವಳು ಸೆರಗಿನಿಂದ ಹೊಟ್ಟು ಕೊಡವಿಕೊಂಡು ಮೆಟ್ಟಿಲಿಳಿದು ಹೋದಳು. ನಾಳೆ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಇವಳು ಕೂತಲ್ಲೇ ಕೂತಿದ್ದಳು. ಆ ದಿನ ತನ್ನ ಮುಖದಲ್ಲಿದ್ದದ್ದು ಭಯ, ಬರೀ ಭಯ ಎಂದು ಇಪ್ಪತ್ತಮೂರು ವರ್ಷ ನಂಬಿದ್ದಳು. ಹಾಗೆ ನಂಬುವುದರಲ್ಲಿ ಒಂದು ಬಗೆಯ ಅನುಕೂಲವಿತ್ತು, ಹೆದರಿದವರು ಏನು ತಾನೇ ಮಾಡಿಯಾರು? ಆದರೆ ಮೇಣದಕ್ಕನ ಕೈ ಸುಳ್ಳು ಕೆತ್ತಿರಲಿಲ್ಲ. ಹುಬ್ಬಿನ ಬುಡದಲ್ಲಿ, ಮೂಗಿನ ಪಕ್ಕದ ಆ ಸಣ್ಣ ಇಳಿತದಲ್ಲಿ, ಸಂಕಟವೇ ಇತ್ತು, ನಿಜವಾದದ್ದು. ಅಷ್ಟು ಸಂಕಟ ಇದ್ದೂ ಆ ತುಟಿ ಬಿಚ್ಚಿರಲಿಲ್ಲ. ಅವಳು ಎದ್ದು ಕಿಟಕಿಗೆ ಬಂದಳು. ಮೇಣದಕ್ಕ ಗೇಟು ದಾಟುತ್ತಿದ್ದಳು. ಅಕ್ಕಾ ಎಂದು ಒಂದು ಸಲ ಕೂಗಬೇಕೆನಿಸಿತು. ಎದೆಯೊಳಗೆ ಕೂಗು ತುಂಬಿಕೊಂಡು ಮೇಲೆ ಬಂತು. ಆದರೆ ಕೆಳತುಟಿಯನ್ನು ಒಳಗಿನಿಂದ ಹಲ್ಲು ಕಚ್ಚಿ ಹಿಡಿದಿತ್ತು, ಎಷ್ಟು ಹೊತ್ತಿನಿಂದಲೋ, ಉಪ್ಪುಪ್ಪಾಗಿ ರಕ್ತದ ರುಚಿ ನಾಲಿಗೆಗೆ ಬರುವಷ್ಟು. ಬಿಡಿಸಿಕೊಳ್ಳಲು ನೋಡಿದಳು. ಕೆಳಗೆ ಆಟೋ ಹೊರಟಿತು.